ಮಗನ ಮಾನ, ನನ್ನ ಶರ್ಟು

ನಾನು ಅಜ್ಜಿಯಾದೆ. ಹೆಣ್ಣು ಮಗು, ತಲೆ ತುಂಬ ಕೂದಲು, ಮೂಗು ನನ್ನದೇ. ನಮ್ಮೂರು ಕ್ಯಾಸಂಬಳ್ಳಿಯಲ್ಲಿ ಈ ಸುದ್ದಿ ಹೇಳದೆ ಬಿಟ್ಟ ಮನೆಯಿಲ್ಲ. ಹಾಲು ಕರೆಯುವಾಗ ಎಮ್ಮೆಯ ಕಿವಿಗೂ ಹಾಕಿದೆ. ಸಂತೋಷ ಹೆಚ್ಚಾದರೆ ಕೆಲವರಿಗೆ ಕಣ್ಣೀರು ಬರುತ್ತದಂತೆ. ನನಗೆ ಕೋಪ ಬರುತ್ತದೆ. ಸಂತೋಷದ ಹೊತ್ತಿನಲ್ಲೇ ಮನೆಯವರೆಲ್ಲ ನನಗೆ ಬುದ್ಧಿ ಹೇಳಲು ಹೊರಡುತ್ತಾರಲ್ಲ, ಅದಕ್ಕೆ.

ದಸರಾ ಮುಗಿದು ದೀಪಾವಳಿ ಇನ್ನೂ ಬಾರದ ಈ ದಿನಗಳ ಹವೆಯನ್ನು ನಂಬುವಂತಿಲ್ಲ. ಬೆಳಗ್ಗೆ ಮಂಜು, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ಸಂಜೆಗೆ ತುಂತುರು. ಅದಕ್ಕೇ ನಾನು ಸೀರೆಯ ಮೇಲೆ ಯಜಮಾನರ ಹಳೇ ತುಂಬುತೋಳಿನ ಶರ್ಟು, ಅದರ ಮೇಲೆ ಸ್ವೆಟರು, ತಲೆಗೊಂದು ಟವೆಲು ಹಾಕುತ್ತೇನೆ. ಹೊಲಕ್ಕೆ ಹೋಗುವ ಹೆಂಗಸರೆಲ್ಲ ನಮ್ಮಲ್ಲಿ ಹೀಗೇ; ಬಿಸಿಲೇರಿದಂತೆ ಒಂದೊಂದೇ ಬಿಚ್ಚುತ್ತಾ ಹೋಗುವುದು. ಸ್ವೆಟರು ಒಳಗಾಗಿ ಶರ್ಟು ಮೇಲಾದರೆ ಮೈಯೆಲ್ಲ ಕೆರೆತ. ಇದನ್ನು ನನಗೆ ಶಾಲೆ ಕಲಿಸಲಿಲ್ಲ. ಶಾಲೆಗೆ ನಾನು ಹೋದದ್ದೂ ಅಷ್ಟಕ್ಕಷ್ಟೇ.

ಸೊಸೆಯ ಬಾಣಂತನ ಉರಿಗಾಂನ ತವರುಮನೆಯಲ್ಲಿ. ಬಂಗಾರಪೇಟೆಯಲ್ಲಿ ಆಟೋ ಓಡಿಸುವ ನನ್ನ ಮಗನ ಠಿಕಾಣಿಯೂ ಈಗ ಅಲ್ಲೇ. ಮಗು ನೋಡಲು ಹೊರಟ ಬೆಳಗ್ಗೆಯೇ ಅವನ ಫೋನು ಬಂತು.

“ಅಮ್ಮಾ, ಆ ಶರ್ಟ್ ಆಕ್ಕೊಂಡ್ ಬರ್ಬ್ಯಾಡ. ಅತ್ತೆ ಮನೇಲಿ ನನ್ ಮಾನ ಓಯ್ತದೆ.”

“ಯಾಕ್ಲಾ, ಶರ್ಟಿಗೇನ್ ಬಂದೈತೆ?”

“ಅದನ್ನ ಆಕ್ಕೊಂಡು ಮಗೀನ ಮುಟ್ಬ್ಯಾಡ, ಅಷ್ಟೇಯ.”

ಅವನ ಫೋನಿನಲ್ಲೇ ಸೊಸೆಯ ಫೋಟೋ ಇದೆ. ಒಳಗೊಂದು ಬನಿಯನ್ನಿನಂಥದ್ದು, ಮೇಲೆ ಇವನದೇ ಶರ್ಟು, ಅದರ ಮೇಲೆ ಜೀನ್ಸ್ ಬಟ್ಟೆಯ ಕೋಟು. ಅದು ಸ್ಟೈಲಂತೆ. ಗಂಡನ ಶರ್ಟನ್ನು ಅವಳು ಹಾಕಿದರೆ ಸ್ಟೈಲು, ನಾನು ಹಾಕಿದರೆ ಮಾನಭಂಗ. ನಾನಾದರೂ ಗುಂಡಿ ಹಾಕುತ್ತೇನೆ.

“ಒಂದಿನ ಬಿಚ್ಚಿಟ್ರೆ ನಿನ್ ಗಂಟೇನ್ ಓಯ್ತದೆ?” ಎಂದರು ಯಜಮಾನರು.

“ಮರ್ಯಾದೆ ಇಲ್ದಿರೋದು ನಿಮ್ ಶರ್ಟಿಗೆ. ನಿಮಗೇ ಕೋಪ ಬರ್ಬೇಕು,” ಎಂದೆ. ಅವರು ಎಮ್ಮೆಯ ಕಡೆ ನಡೆದರು.

ಬಸ್ಸು ಉರಿಗಾಂ ಸೇರುವಷ್ಟರಲ್ಲಿ ಟವೆಲೂ ಸ್ವೆಟರೂ ಚೀಲ ಸೇರಿದ್ದವು. ಬೆನ್ನಿನಲ್ಲಿ ಬೆವರು ಹರಿಯುತ್ತಿದ್ದರೂ ಹಟಕ್ಕೆ ಶರ್ಟಿನ ಒಂದು ಗುಂಡಿಯನ್ನೂ ಸಡಿಲಿಸಲಿಲ್ಲ. ಬಾಗಿಲಲ್ಲಿ ಮಗ ಅಡ್ಡ ನಿಂತ. ಒಳಗೆ ಮಗು ಅಳುತ್ತಿದೆ. ಬಿಚ್ಚಿದರೆ ಮಗು ಸಿಗುತ್ತದೆ, ಹಟ ಹೋಗುತ್ತದೆ. ಕೈಯೇನೋ ಮಗುವಿನತ್ತ ಚಾಚುತ್ತಿತ್ತು, ಕಾಲು ಮಾತ್ರ ಹೊಸ್ತಿಲಲ್ಲೇ ಊರಿ ನಿಂತಿತ್ತು.

ಅಷ್ಟರಲ್ಲಿ ಸೊಸೆಯ ತಾಯಿ, ನಮ್ಮ ಬೀಗಿತ್ತಿ, ಹೊರಗೆ ಬಂದರು. “ಬನ್ನಿ ಬೀಗಿತ್ತಿ. ನಿಮ್ ಮಗ ಮೂಟೆಗಟ್ಲೆ ಒಸ ಬಟ್ಟೆ ತಂದವ್ನೆ. ಎಸ್ರಿಡೋ ಶಾಸ್ತ್ರ ಆಗೋ ಗಂಟ ಪಾಪುಗೆ ಒಸದು ಆಕ್ತಾರಾ? ಅಳೇದು ಅಂತ ಉಡ್ಕಿದ್ರೆ ಮನೇಲಿರೋದೆಲ್ಲ ಜಾರೋ ನೈಲಾನು. ಚರ್ಮ ಕೆಂಪಾಗೋಗೈತೆ,” ಎನ್ನುತ್ತಲೇ ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. “ಅಬ್ಬಾ, ಎಷ್ಟ್ ಮೆತ್ತಗೈತೆ. ಬಿಚ್ಚಿ, ಬಿಚ್ಚಿ.”

ಮಗ ನೆಲ ನೋಡಿದ. ನಾನು ಅವನನ್ನೇ ನೋಡುತ್ತಾ, ನಿಧಾನವಾಗಿ, ಒಂದೊಂದೇ ಗುಂಡಿ ಬಿಚ್ಚಿದೆ.

ಶರ್ಟನ್ನು ಕುದಿಯುವ ನೀರಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಬೀಗಿತ್ತಿ ಕತ್ತರಿ ತಂದಾಗ ಮತ್ತೆ ಕೋಪ ನೆತ್ತಿಗೇರಿತು. ಕಾಲರು ಇನ್ನೂ ಗಟ್ಟಿಯಿತ್ತು. ಮುಟ್ಟಬೇಡ ಎಂದವನೇ ಈಗ ಹರಿಯಲು ತೋಳು ಹಿಡಿದುಕೊಟ್ಟಿದ್ದ. “ನೆಟ್ಟಗೆ ಇಡ್ಕೊಳ್ಳಲಾ, ಮಗೀಗೆ ದೊಡ್ಡ ತುಂಡ್ ಬೇಕು,” ಎಂದು ಗದರಿದವಳೂ ನಾನೇ. ಬೆನ್ನಿನ ತುಂಡಿನಲ್ಲಿ ಸುತ್ತಿದ ಮಗುವನ್ನು ನನ್ನ ಮಡಿಲಿಗೆ ಹಾಕಿದರು. ಅದು ಅಳು ನಿಲ್ಲಿಸಲಿಲ್ಲ. ಮೂಗಷ್ಟೇ ಅಲ್ಲ, ಗಂಟಲೂ ನನ್ನದೇ.

ಸಂಜೆ ಯಜಮಾನರು ಊರಿನ ಡೈರಿಗೆ ಹಾಲು ಹಾಕಿ ಉರಿಗಾಂಗೆ ಬಂದರು. ತುಂತುರು ಹಿಡಿದಿತ್ತು, ನನಗೆ ಚಳಿ. ಚೀಲದಲ್ಲಿ ಸ್ವೆಟರೇನೋ ಇತ್ತು, ಒಳಗೆ ಶರ್ಟಿಲ್ಲದೆ ಹಾಕಿದರೆ ಕೆರೆತ. ಎಲ್ಲರೂ ಸಾಲಾಗಿ ಮುದ್ದೆ, ಉಪ್ಪುಸಾರಿಗೆ ಕೂತಾಗ ಮಗ ಮೆಲ್ಲಗೆ ಕೇಳಿದ, “ಅಮ್ಮಾ, ಒಸ ಶರ್ಟ್ ತಂದ್ಕೊಡ್ಲಾ?”

“ಒಸದು ಬ್ಯಾಡ. ನೀನ್ ಆಕಿರೋದನ್ನ ಬಿಚ್ಚು.”

ಬಿಚ್ಚಿ ಕೊಟ್ಟ. ಅತ್ತೆಯ ಎದುರು ಬನಿಯನ್ನಿನಲ್ಲೇ ಮುದುರಿಕೊಂಡು ಉಂಡ. ಚಳಿಗೆ ಅವನ ತೋಳಿನ ಕೂದಲು ಎದ್ದು ನಿಂತದ್ದು ಕಂಡು ನನ್ನ ಕೋಪವೆಲ್ಲ ಇಳಿದುಹೋಯಿತು. ಶರ್ಟು ಮಾತ್ರ ವಾಪಸು ಕೊಡಲಿಲ್ಲ. ಸ್ವಲ್ಪ ಬಿಗಿ, ಆದರೆ ಬೆಚ್ಚಗಿತ್ತು.