ಸುಡುವ ಮನೆಗೆ ಬಂದ ಅತಿಥಿಗಳು

ಇಂಥವು ನನಗೇ ಯಾಕೆ ಆಗುತ್ತವೋ ಗೊತ್ತಿಲ್ಲ, ಆದರೆ ವಾರಕ್ಕೊಂದು ಆಗಿಯೇ ಆಗುತ್ತದೆ. ಮೊದಲ ಸಲ ಬರೆಯುತ್ತಿದ್ದೇನೆ, ಅದಕ್ಕೇ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಅಗ್ನಿಶಾಮಕ ದಳದವರ ಕತೆಯ ಟಿವಿ ಧಾರಾವಾಹಿಯೊಂದು ನಮ್ಮ ಕಡೆ ಚಿತ್ರೀಕರಣವಾಗುತ್ತಿದೆ. ಬೆಂಕಿ ಆರಿಸುವವರು ಬೆಂಗಳೂರಿನ ನಟರು, ಅವರು ದಿನಾ ಇರುತ್ತಾರೆ. ಬೆಂಕಿಗೆ ಸಿಗುವವರು ಮಾತ್ರ ವಾರವಾರ ಬದಲಾಗಬೇಕು. ಹಾಗೆ ಒಂದು ದಿನಕ್ಕೆ ಬಂದು ಹೋಗುವವರಿಗೆ ಅತಿಥಿ ನಟರು ಅನ್ನುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಿ ಅವರನ್ನು ತರುವುದು ನನ್ನ ಕೆಲಸ. ಮೊದಲು ಮದುವೆಗಳಿಗೆ ಪೆಂಡಾಲು ಹಾಕುತ್ತಿದ್ದೆ. ಹೀಗಾಗಿ ಜನರ ಪರಿಚಯ ಇತ್ತು, ನಟನೆಯ ಪರಿಚಯ ಇರಲಿಲ್ಲ.

೧. ಬೂಟು

ಸೇಡಂನಲ್ಲಿ ನಿವೃತ್ತ ಮಾಸ್ತರರೊಬ್ಬರನ್ನು ಹಿಡಿದೆ. ಮನೆಯೂ ಅವರದೇ. ಹೊಗೆಯಲ್ಲಿ ಕೆಮ್ಮುತ್ತ ಬೀಳುವುದಷ್ಟೇ ಅವರ ಪಾತ್ರ. ನಾಯಕ ಬಾಗಿಲು ಒದ್ದು ಒಳಗೆ ನುಗ್ಗಿದ. ಮಾಸ್ತರು ಚೆನ್ನಾಗಿಯೇ ಕೆಮ್ಮಿದರು. ಆಮೇಲೆ ಅವನ ಕಾಲು ನೋಡಿದರು.

“ತಮ್ಮಾ, ಬೂಟ್ ಹೊರಗ ಬಿಚ್ಚಿ ಬಾ. ಇಲ್ಲಿ ನಾವು ಪೂಜಾಕ್ಕ ಕುಂದರ್ತೀವಿ.”

“ಸರ್, ಮನೆ ಉರೀತಿದೆ,” ಅಂದರು ನಿರ್ದೇಶಕರು.

“ಉರಿಲ್ರಿ. ಮನಿ ಉರಿಲಿಕತ್ತದಂತ ಬೂಟ್ ಹಾಕ್ಕೊಂಡು ಒಳಗ ಬರೂದೇನು?”

ಮೂರು ಸಲ ಹೀಗೇ ಆಯಿತು. ನಾಲ್ಕನೇ ಸಲ ನಾಯಕ ಬರಿಗಾಲಲ್ಲಿ ಜ್ವಾಲೆ ದಾಟಿ ಬಂದ. ಮಾಸ್ತರು ನೆಲದ ಮೇಲಿನಿಂದಲೇ ಒಂದು ಕಣ್ಣು ತೆರೆದು ಕೇಳಿದರು: “ಕಾಲ್ ತೊಳ್ಕೊಂಡಿ?”

ನಿರ್ದೇಶಕರು ನನಗೆ ಮೊದಲ ಎಚ್ಚರಿಕೆ ಕೊಟ್ಟರು.

೨. ಕೊಡ

ಶಹಾಬಾದದಲ್ಲಿ ನೆಲ ಕಲ್ಲಿನದು, ಗೋಡೆ ಕಲ್ಲಿನದು, ಮಾಳಿಗೆಯೂ ಕಲ್ಲಿನದೇ. ಸುಡಲು ಏನೂ ಸಿಗದೆ ಹೊರಗಿನಿಂದ ಜೋಳದ ಒಣ ಕಣಿಕೆ ತರಿಸಬೇಕಾಯಿತು. ಹತ್ತು ಮಂದಿ ಹೆಣ್ಣುಮಕ್ಕಳು ತುಂಬಿದ ಕೊಡ ಹಿಡಿದು ಓಡಿ ಬಂದು ಬೆಂಕಿಗೆ ನೀರು ಸುರಿಯಬೇಕು, ಅಷ್ಟರಲ್ಲಿ ಅಗ್ನಿಶಾಮಕ ವಾಹನ ಬರಬೇಕು. ಇದು ದೃಶ್ಯ.

ನೀರು ಸುರಿದರು. ಗಂಟೆ ಬಾರಿಸುತ್ತ ವಾಹನ ಬಂತು. ಬೇಸಿಗೆಯಲ್ಲಿ ನಮ್ಮ ಕಡೆ ನೀರಿನ ಗಾಡಿ ಕಂಡರೆ ಕೈ ತಾನೇ ಕೊಡ ಇಳಿಸುತ್ತದೆ. ಹತ್ತೂ ಮಂದಿ ಬೆಂಕಿಗೆ ಬೆನ್ನು ಮಾಡಿ ಖಾಲಿ ಕೊಡ ಸಾಲಾಗಿ ಇಟ್ಟು ನಿಂತರು. ಯಾರ ಕೊಡ ಮುಂದೆ ಅಂತ ಸಣ್ಣ ಜಗಳವೂ ಆಯಿತು.

ನಿರ್ದೇಶಕರು ಮೈಕಿನಲ್ಲಿ, “ಅಮ್ಮಾ, ಬೆಂಕಿ, ಬೆಂಕಿ,” ಅಂದರು.

ಮುಂದಿನ ಕೊಡದಾಕೆ ಸಮಾಧಾನದಿಂದ ಹೇಳಿದಳು: “ಬೆಂಕಿ ಎಲ್ಲಿ ಹೋಗ್ತದ್ರಿ ಸಾಹೇಬ್ರ? ಗಾಡಿ ಹೋಗ್ತದ.”

ಅಂದು ನಿರ್ದೇಶಕರು ಮೆಲ್ಲಗೆ ಮಾತಾಡಿದರು. ಅವರು ಮೆಲ್ಲಗೆ ಮಾತಾಡಿದರೆ ಜಾಸ್ತಿ ಭಯ. “ಚಿಂಚೋಳಿ ದೃಶ್ಯವೂ ಕೆಟ್ಟರೆ ಅತಿಥಿಗಳನ್ನು ಬೆಂಗಳೂರಿಂದಲೇ ತರಿಸ್ತೀನಿ. ನೀವು ಪೆಂಡಾಲು ನೋಡ್ಕೊಳ್ಳಿ.” ಪೆಂಡಾಲಿನ ಸಾಮಾನು ಆಗಲೇ ಮಾರಿಬಿಟ್ಟಿದ್ದೆ ಅಂತ ಅವರಿಗೆ ಹೇಳಲಿಲ್ಲ.

೩. ಹಾರ

ಚಿಂಚೋಳಿಯದು ಸಾವಿನ ಮನೆ. ಬೆಂಕಿಯಲ್ಲಿ ಸತ್ತವನ ಫೋಟೊಕ್ಕೆ ಹಾರ, ಮುಂದೆ ಅಳುವ ಬಳಗ, ನಾಯಕ ಬಂದು ಕೈಮುಗಿದು ಕ್ಷಮೆ ಕೇಳುತ್ತಾನೆ. ಸತ್ತವನ ಪಾತ್ರಕ್ಕೆ ಊರಿನ ಅರಿವೆ ಅಂಗಡಿಯವರನ್ನು ಒಪ್ಪಿಸಿದೆ. ಫೋಟೊ ಮಾತಾಡುವುದಿಲ್ಲ, ಆದ್ದರಿಂದ ಕೆಡಿಸುವುದಿಲ್ಲ ಅಂತ ನನ್ನ ಲೆಕ್ಕಾಚಾರ. ಆದರೆ ಅಳಲು ತಂದ ನಾಲ್ವರು ನಾಯಕನ ಅಂಟಿಸಿದ ಮೀಸೆ ನೋಡಿ ನಗುತ್ತಿದ್ದರು. ಮಧ್ಯಾಹ್ನವಾದರೂ ಒಂದು ಹನಿ ಕಣ್ಣೀರು ಬರಲಿಲ್ಲ.

ಅಷ್ಟರಲ್ಲಿ ನೋಡಲು ಬಂದವರು ಯಾರೋ ಆ ಹಾರದ ಫೋಟೊವನ್ನು ಮೊಬೈಲಿನಲ್ಲಿ ಹತ್ತು ಕಡೆ ಕಳಿಸಿದ್ದರು. ಸೇಡಂ ಹತ್ತಿರದ ಮುಧೋಳದಿಂದ ಒಂದು ಜೀಪು ಬಂತು. ಅಂಗಡಿಯವರ ತಂಗಿ, ಅವಳ ಮನೆಮಂದಿ. ನಮ್ಮ ಕಡೆ ಸಾವಿನ ಮನೆಗೆ ಹೋದರೆ ಮೊದಲು ಅಳುವುದು, ಆಮೇಲೆ ಕೇಳುವುದು. ಆಕೆ ಯಾರನ್ನೂ ನೋಡದೆ ಫೋಟೊದ ಮುಂದೆ ಕುಂತು ಮುಖಕ್ಕೆ ಸೆರಗು ಹಾಕಿದಳು.

“ನನ್ನಣ್ಣಾ, ಪಂಚಮಿಗಿ ಕರೀಲಾಕ ಬರ್ತೀನಂದಿದ್ದೆಲ್ಲೋ.”

ನಿರ್ದೇಶಕರು ಕೈಸನ್ನೆಯಲ್ಲೇ ಕ್ಯಾಮೆರಾ ಓಡಿಸಿದರು. ನಾಯಕ ಮಾತು ಮರೆತು ನಿಜವಾಗಿಯೇ ಅತ್ತ.

ಸತ್ತವರು ಹಿತ್ತಲಲ್ಲಿ ಊಟ ಮಾಡುತ್ತಿದ್ದರು. ತಂಗಿಯ ದನಿ ಕೇಳಿ ಎಂಜಲು ಕೈಯಲ್ಲೇ ಓಡಿ ಬಂದರು. ಬಳಗವೆಲ್ಲ ಅಳುತ್ತಿದೆ ಅಂದರೆ ಮನೆತನದಲ್ಲಿ ಯಾರೋ ಹೋಗಿದ್ದಾರೆ ಅಂತಾಯಿತಲ್ಲ? ಕ್ಯಾಮೆರಾಕ್ಕೆ ಬೆನ್ನು ಮಾಡಿ ತಂಗಿಯ ಪಕ್ಕ ಕುಂತು, ಆಕೆಯ ಹೆಗಲ ಮೇಲೆ ತಲೆಯಿಟ್ಟು ಅಳಲು ಶುರುಮಾಡಿದರು. ಆಕೆ ಸೆರಗು ತೆಗೆಯದೆ ಅವರನ್ನೂ ತಬ್ಬಿಕೊಂಡು ಅತ್ತಳು. ನಾನು ಗೋಡೆಗೆ ಅಂಟಿ ನಿಂತು, ನನ್ನ ಕೆಲಸ ಹೋಯಿತು ಅಂತ ಬೇರೆಯೇ ಅಳುತ್ತಿದ್ದೆ.

ಸಾಕಷ್ಟು ಅತ್ತ ಮೇಲೆ ಅವರು ಕೇಳಿದರು: “ಯಾರ್ ಹೋದ್ರವ್ವ ತಂಗಿ?”

“ನೀನೇ ಹೋದೆಲ್ಲೋ ಅಣ್ಣಾ.”

ಇದನ್ನು ಕೇಳಿ ಅವರು ಇನ್ನೊಂದು ಸುತ್ತು ಅತ್ತರು. ಆಮೇಲೆ ನಿಲ್ಲಿಸಿದರು. ಆಕೆ ಸೆರಗು ಸರಿಸಿ ಫೋಟೊ ನೋಡಿದಳು, ಅಣ್ಣನನ್ನು ನೋಡಿದಳು, ಅವರ ಕೈ ನೋಡಿದಳು. “ಸತ್ತ ಮನ್ಯಾಗ ಹೋಳಿಗಿ ತಿಂದಿ?” ಅಂದಳು.

ನಿರ್ದೇಶಕರು ನನ್ನತ್ತ ಬಂದರು. ನಾನು ತಪ್ಪಾಯಿತು ಅನ್ನುವಷ್ಟರಲ್ಲಿ ಅವರೇ ಕಣ್ಣೊರೆಸಿಕೊಂಡು, “ಒಂದೇ ಟೇಕ್. ಇಂಥವರನ್ನು ಎಲ್ಲಿ ಹುಡುಕ್ತೀರಿ? ನಾಳೆ ವಾಡಿಯಲ್ಲೂ ಸಾವಿನ ಮನೆ ಇದೆ, ಇವರನ್ನೇ ಕರ್ಕೊಂಡು ಬನ್ನಿ. ಬರದಿದ್ದರೆ ನೀವೂ ಬರಬೇಡಿ,” ಅಂದರು.

ಓಡಿ ಹೋಗಿ ಆಕೆಗೆ ಕೈಮುಗಿದೆ. “ಅಕ್ಕಾರ, ನಾಳಿ ವಾಡಿಗಿ ಬಂದು ಹಿಂಗೇ ಅಳ್ತೀರೇನ್ರಿ? ನನ್ನ ನೌಕರಿ ನಿಮ್ಮ ಕೈಯಾಗದ.”

ಆಕೆ ಸೆರಗು ಸರಿಮಾಡಿಕೊಂಡಳು.

“ಬರ್ತೀನ್ರಿ. ಆದ್ರ ಸತ್ತವ್ರು ತವರಿನವ್ರೋ, ಗಂಡನ ಮನಿಯವ್ರೋ ಮೊದಲೇ ಹೇಳ್ಬೇಕು. ಗಂಡನ ಮನಿಯವ್ರಾದ್ರ ಇಷ್ಟೊಂದು ಅಳ್ಲಾಕ ಆಗಲ್ರಿ.”