ರವಾನೆ ವಿಭಾಗದ ಕಿಟಕಿಯಿಂದ ಹೊರಹೋಗುವ ವಯರಿನ ಕುರಿತು

ಪ್ರಾದೇಶಿಕ ಇಂಧನ ಸಹಕಾರ ಇಲಾಖೆ

ಸಂಖ್ಯೆ: ಪ್ರಾಇಂಸ/ಕಿಟಕಿ/2 (ಪ್ರಾಇಂಸ/ಕಿಟಕಿ/1 ಕತ್ತಲಲ್ಲಿ ಕಳೆದುಹೋಗಿದೆ)

ಸುತ್ತೋಲೆ

ವಿಷಯ: ಪಕ್ಕದ ಟೈಲರ್ ಅಂಗಡಿಯೊಂದಿಗೆ ನಡೆಯುತ್ತಿರುವ ಅನಧಿಕೃತ ವಿದ್ಯುತ್ ವಿನಿಮಯವನ್ನು ನಿಲ್ಲಿಸುವ ಬಗ್ಗೆ.

ಉಲ್ಲೇಖ: 1. ಏಳು ನೆರೆದೇಶಗಳ ವಿದ್ಯುತ್ ಒಪ್ಪಂದದ ಹನ್ನೊಂದನೇ ಕರಡು.
2. ರವಾನೆ ಗುಮಾಸ್ತರ ಮೌಖಿಕ ಹೇಳಿಕೆ.

ಅಭಿವೃದ್ಧಿಶೀಲ ನೆರೆದೇಶಗಳು ವಿದ್ಯುತ್ ಹಂಚಿಕೊಂಡು ಸುರಕ್ಷಿತ, ಕೈಗೆಟುಕುವ ಹಾಗೂ ಸುಸ್ಥಿರ ಇಂಧನ ಪಡೆಯುವಂತೆ ಮಾಡುವುದು ಈ ಇಲಾಖೆಯ ಏಕೈಕ ಕರ್ತವ್ಯ. ಈವರೆಗೆ ಒಂದು ಯೂನಿಟ್ಟೂ ಹಂಚಿಕೆಯಾಗಿಲ್ಲವಾದರೂ ಕರಡುಗಳು ತೃಪ್ತಿಕರವಾಗಿವೆ. ಹೀಗಿರುವಾಗ, ಇಲಾಖೆ ಹಾಗೂ ಟೈಲರ್ ಅಂಗಡಿ ಬೇರೆ ಬೇರೆ ಲೈನಿನಲ್ಲಿರುವುದನ್ನು ದುರುಪಯೋಗಪಡಿಸಿಕೊಂಡು, ಕರೆಂಟು ಇದ್ದ ಕಡೆಯವರು ಇಲ್ಲದ ಕಡೆಯವರಿಗೆ ಎಕ್ಸ್‌ಟೆನ್ಷನ್ ಬಾಕ್ಸನ್ನು ಕಿಟಕಿಯಿಂದ ನೀಡುತ್ತಿರುವುದು ಗಮನಕ್ಕೆ ಬಂದಿದೆ. ವಿಚಾರಿಸಲಾಗಿ ರವಾನೆ ಗುಮಾಸ್ತರು, “ನಮಗೆ ಹೋದಾಗ ಅವರು ಕೊಡ್ತಾರೆ, ಅವರಿಗೆ ಹೋದಾಗ ನಾವು ಕೊಡ್ತೀವಿ. ಮುಚ್ಚುಮರೆ ಏನಿದೆ ಸಾರ್, ಕಿಟಕಿ ತೆಗೆದೇ ಇದೆಯಲ್ಲ” ಎಂದಿರುತ್ತಾರೆ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ನೆರೆಯವರೊಂದಿಗೆ ಸಹಕರಿಸಬಯಸುವ ನೌಕರರು ಸಮಿತಿಗೆ ಅರ್ಜಿ ಸಲ್ಲಿಸತಕ್ಕದ್ದು. ಸಮಿತಿಯು ಕರೆಂಟು ಇರುವ ದಿನ ಮಾತ್ರ ಸೇರುವುದರಿಂದಲೂ, ಅಂದು ಸಹಕಾರದ ಅಗತ್ಯ ಇರುವುದಿಲ್ಲವಾದ್ದರಿಂದಲೂ, ಅರ್ಜಿಯನ್ನು ತಿರಸ್ಕರಿಸಲಾಗುವುದು.

2. ಸದರಿ ಟೈಲರ್ ಗುಮಾಸ್ತರ ಬೀಗರಾಗಿದ್ದು, ಅಂಗಡಿಯ ಮೋಟಾರು ಮಷಿನ್ನಿನಲ್ಲಿ ಹೊಲಿಯುವವರು ಗುಮಾಸ್ತರ ಮಗಳೇ ಆಗಿರುತ್ತಾರೆ. ಬೀಗತನವನ್ನು ಪ್ರಾದೇಶಿಕ ಸಹಕಾರವೆಂದು ಪರಿಗಣಿಸಲಾಗದು. ಬೀಗರಿಬ್ಬರೂ ಮುನಿಸಿಕೊಂಡು ಮುಖ ತಿರುಗಿಸಿಕೊಂಡಿದ್ದ ದಿನಗಳಲ್ಲೂ ಬಾಕ್ಸು ಮಾತ್ರ ಕಿಟಕಿ ದಾಟಿರುವುದು ಅನುಮಾನಾಸ್ಪದ. ಇದಕ್ಕೆ ಏಳು ದೇಶಗಳಲ್ಲಿ ಎಲ್ಲಿಯೂ ಪೂರ್ವನಿದರ್ಶನವಿಲ್ಲ.

3. ‘ಕೈಗೆಟುಕುವ ಇಂಧನ’ ಎಂಬುದು ಬೆಲೆಗೆ ಸಂಬಂಧಿಸಿದ್ದು. ಅದಕ್ಕಾಗಿ ಯಾರೂ ಕಿಟಕಿಯಿಂದ ಕೈ ಚಾಚತಕ್ಕದ್ದಲ್ಲ.

4. ದೀಪದ ಬುಡದಲ್ಲೇ ಕತ್ತಲು ಎಂಬ ಗಾದೆಯನ್ನು ಕಚೇರಿ ವೇಳೆಯಲ್ಲಿ ನಿರ್ದೇಶಕರ ಕೊಠಡಿಗೆ ಕೇಳಿಸುವಂತೆ ಹೇಳುವುದನ್ನು ನಿಷೇಧಿಸಲಾಗಿದೆ.

5. ವಯರನ್ನು ಗುಮಾಸ್ತರೇ ಸ್ವಹಸ್ತದಿಂದ ಕತ್ತರಿಸತಕ್ಕದ್ದು. ಇಲಾಖೆಯಲ್ಲಿ ಕತ್ತರಿ ಇಲ್ಲದಿರುವುದರಿಂದ ಟೈಲರ್ ಬಳಿ ಎರವಲು ಪಡೆಯತಕ್ಕದ್ದು. ಕಾರಣ ಕೇಳಿದಲ್ಲಿ ಕೆಮ್ಮತಕ್ಕದ್ದು.

6. ಮಷಿನ್ನು ನಿಂತರೆ ಮಗಳ ಸಂಸಾರವೇ ನಿಲ್ಲುತ್ತದೆಂದು ಗುಮಾಸ್ತರು ಕಣ್ಣೊರೆಸಿಕೊಂಡಿರುತ್ತಾರೆ. ಕಣ್ಣೊರೆಸಿಕೊಂಡಿದ್ದನ್ನು ದಾಖಲಿಸಿಕೊಳ್ಳಲಾಗಿದೆ. ವಯರು ಕತ್ತರಿಸಿದ ಮೇಲೆ ಮಗಳು ಕಿಟಕಿಯತ್ತ ನೋಡಿದಲ್ಲಿ ಗುಮಾಸ್ತರು ಕಡತ ನೋಡತಕ್ಕದ್ದು.

7. ನಾಳೆ ನಡೆಯುವ ಏಳು ದೇಶಗಳ ಸಚಿವರ ಸಭೆಗೆ ನಿರ್ದೇಶಕರು ಧರಿಸಬೇಕಾದ ಕೋಟು ಸದರಿ ಅಂಗಡಿಯಲ್ಲಿ ಒಂದೇ ತೋಳಿನೊಂದಿಗೆ ಇರುತ್ತದೆ. ಇದಕ್ಕೂ ಈ ಸುತ್ತೋಲೆಗೂ ಸಂಬಂಧವಿರು

8. ಮೇಲಿನ ಅಂಶವನ್ನು ಟೈಪು ಮಾಡುತ್ತಿದ್ದಾಗ ಇಲಾಖೆಯ ಕರೆಂಟು ಹೋಗಿರುತ್ತದೆ. ಯಾರೂ ಕೇಳದಿದ್ದಾಗ್ಯೂ ಗುಮಾಸ್ತರ ಮಗಳು ಬಾಕ್ಸನ್ನು ಕಿಟಕಿಯಿಂದ ಒಳಕ್ಕೆ ನೀಡಿ, “ತಗೋ ಅಪ್ಪ. ನಿಮ್ಮ ಸಾಹೇಬ್ರು ಬೆಳಿಗ್ಗೆಯಿಂದ ಏನೋ ಅರ್ಜೆಂಟಾಗಿ ಬರೆಸ್ತಾ ಇದ್ರು, ಪಾಪ” ಎಂದಿರುತ್ತಾರೆ. ಈ ಅಂಶವನ್ನೂ ಮುಂದಿನದನ್ನೂ ಸದರಿ ಕರೆಂಟಿನಿಂದಲೇ ಟೈಪು ಮಾಡಲಾಗಿದೆ. ಮುಂದಿನದನ್ನು ನಿರ್ದೇಶಕರು ಕಿಟಕಿಯತ್ತ ನೋಡುತ್ತಾ ಬರೆಸಿರುತ್ತಾರೆ.

9. ಜೆರಾಕ್ಸ್ ಯಂತ್ರವೂ ಸದರಿ ಬಾಕ್ಸನ್ನೇ ಅವಲಂಬಿಸಿರುವುದರಿಂದ, ಈ ಸುತ್ತೋಲೆಯ ಕೊನೆಯ ಪ್ರತಿಯನ್ನು ತೆಗೆಯುವವರೆಗೆ ವಯರನ್ನು ಕತ್ತರಿಸತಕ್ಕದ್ದಲ್ಲ.

ಸಹಿ/-
ನಿರ್ದೇಶಕರು
(ಕೋಟಿಲ್ಲದೆ)

ಪ್ರತಿಗಳು:

1. ಏಳು ದೇಶಗಳ ಇಂಧನ ಸಚಿವಾಲಯಗಳಿಗೆ, ಮಾಹಿತಿಗಾಗಿ, ಅನುಕರಣೆಗಾಗಿ ಅಲ್ಲ.
2. ಟೈಲರ್ ಅಂಗಡಿಗೆ, ಕಿಟಕಿಯ ಮೂಲಕ, ಎಡತೋಳಿನ ಬಗ್ಗೆ ಜ್ಞಾಪನೆಯೊಂದಿಗೆ.
3. ರವಾನೆ ಗುಮಾಸ್ತರಿಗೆ, ಪ್ರತಿ ತೆಗೆಯುವ ಕ್ರಮಕ್ಕಾಗಿ.
4. ಹೆಚ್ಚುವರಿ ಪ್ರತಿಗಳು: ಮುಂದಿನ ಆದೇಶದವರೆಗೆ ತೆಗೆಯುತ್ತಲೇ ಇರತಕ್ಕದ್ದು.