ಪ್ರದಕ್ಷಿಣೆಯ ನಟ್ಟು

ಗೋಣೆಪ್ಪ ಜೀವಮಾನದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ: "ಹತ್ತು ವರ್ಷ ಲಾರಿ ಹೊಡದೀನ್ರಿ."

ಹತ್ತು ವರ್ಷ ಎಂಬುದು ನಿಜ. ಹೊಡೆದದ್ದೂ ನಿಜ. ಆದರೆ ಹೊಡೆದದ್ದು ತನ್ನೂರು ಆನಗೋಡಿನಲ್ಲಿ ಎತ್ತಿನ ಗಾಡಿ. ಲಾರಿ ಕಲಿತದ್ದು ಸೋದರಮಾವನ ಪಕ್ಕ ಕೂತು, ಒಂದೂವರೆ ತಿಂಗಳು. ಲೈಸೆನ್ಸು ಹೇಗೆ ಸಿಕ್ಕಿತೆಂದು ಆ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳಬೇಕಾದವರಿಗೂ ಹಾಗೆಯೇ ಸಿಕ್ಕಿತ್ತು.

ಸುಳ್ಳನ್ನು ನಂಬಿದವರು ದಾವಣಗೆರೆಯ ಹತ್ತಿ ವ್ಯಾಪಾರಿ ಉಜ್ಜನಪ್ಪನವರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ್ದ ಲಾರಿಯೊಂದನ್ನು ಅವರು ಕೊಂಡಿದ್ದರು. ಜಪಾನಿನವರಿಂದ ಪಾರಾಗಿ ಬಂದ ಲಾರಿ, ಇನ್ನು ಗೋಣೆಪ್ಪನಿಂದ ಪಾರಾಗಬೇಕಿತ್ತು. ಅವತ್ತು ಹರಿಹರದಲ್ಲಿ ಅವರ ಮಗಳ ನಿಶ್ಚಿತಾರ್ಥ. ಅಡುಗೆಯ ಕೊಪ್ಪರಿಗೆ, ಹಂಡೆ, ತೆಂಗಿನಕಾಯಿ ಎಲ್ಲ ಲಾರಿಗೆ ಹೇರಿಸಿ, ಮನೆಯವರೊಂದಿಗೆ ರೈಲು ಹತ್ತುವ ಮುಂಚೆ ಅವರು ಹೇಳಿದರು:

"ನೋಡಪಾ, ಹನ್ನೆರಡಕ್ಕೆ ಕೊಪ್ಪರಿಗೆ ಒಲಿ ಮ್ಯಾಲಿರಬೇಕು. ಇದ್ರೆ ನೀನು ಡ್ರೈವರ್ ಕಾಯಂ. ಇಲ್ಲಾಂದ್ರೆ ನಮ್ಮನ್ಯಾಗೆ ಎತ್ತಿನ ಗಾಡಿನೂ ಐತೆ."

ಎತ್ತಿನ ಗಾಡಿ ಎಂದ ಕೂಡಲೇ ಗೋಣೆಪ್ಪ ಲಾರಿ ಹತ್ತಿ ಕೂತ. ಹತ್ತು ವರ್ಷ ಎತ್ತಿನ ಬಾಲ ನೋಡಿ ನೋಡಿ ಸಾಕಾಗಿತ್ತು ಅವನಿಗೆ. ಮೇಲಾಗಿ ಅವ್ವ ಅಂಜಿನವ್ವ, "ನನ್ನ ಮಗ ಡ್ರೈವರ್ರು" ಎಂದು ಇಡೀ ಆನಗೋಡಿಗೆ ಸಾರಿ ಬಂದಿದ್ದಳು.

ಹತ್ತು ಗಂಟೆಗೆ, ಅರ್ಧ ದಾರಿಯಲ್ಲಿ, ಯಲ್ಲಕ್ಕನ ಚಾದಂಗಡಿಯ ಎದುರಿಗೇ ಮುಂದಿನ ಎಡಗಾಲಿ ಪಂಕ್ಚರಾಯಿತು.

ಸ್ಟೆಪ್ನಿ ಇತ್ತು, ಜಾಕ್ ಇತ್ತು, ಪಾನಾ ಇತ್ತು. ಗಾಲಿಗೆ ಆರು ನಟ್ಟು. ಗೋಣೆಪ್ಪ ಪಾನಾ ಸಿಕ್ಕಿಸಿ ಎಡಕ್ಕೆ ತಿರುಗಿಸಿದ. ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ ಎಂಬುದು ಹಿಟ್ಟಿನ ಗಿರಣಿ ನೋಡಿದ ಯಾರಿಗಾದರೂ ಗೊತ್ತು. ನಟ್ಟು ಮಾತ್ರ ಮಿಸುಕಲಿಲ್ಲ.

"ಜಂಗು ಹಿಡದೈತೆ ಕಣಪ್ಪ, ಸೀಮೆಎಣ್ಣಿ ಹಾಕು," ಎಂದು ಯಲ್ಲಕ್ಕ ಬುಡ್ಡಿಯನ್ನೇ ತಂದು ಸುರಿದಳು. ನಟ್ಟು ಹೊಳೆಯಿತು, ಮಿಸುಕಲಿಲ್ಲ.

ಚಾ ಕುಡಿಯುತ್ತಿದ್ದ ಗುತ್ತೆಪ್ಪ ಎದ್ದು ಬಂದ. ಹಿಂದೊಮ್ಮೆ ಕುಸ್ತಿಯ ಪೈಲ್ವಾನ. ಈಗ ಕುಸ್ತಿ ಹೋಗಿ ಹೊಟ್ಟೆ ಉಳಿದಿತ್ತು. "ಸರೀರಿ ಅತ್ಲಾಗೆ. ಇದಕ್ಕೆ ತಾಕತ್ತು ಬೇಕು." ಪಾನಾದ ಹಿಡಿಗೆ ಕಬ್ಬಿಣದ ಪೈಪು ತೂರಿಸಿ, ಎಡಗಡೆಗೆ ಅದರ ತುದಿಯ ಮೇಲೆ ಹತ್ತಿ ನಿಂತೇಬಿಟ್ಟ. 'ಟಕ್' ಎಂದಿತು.

"ಬಿಚ್ತು!" ಎಂದ ಗುತ್ತೆಪ್ಪ.

ಬಿಚ್ಚಿರಲಿಲ್ಲ. ನಟ್ಟು, ಅದರೊಳಗಿನ ಬೋಲ್ಟಿನ ರುಂಡವನ್ನೂ ಸೇರಿಸಿಕೊಂಡು ರಸ್ತೆಗೆ ಬಿದ್ದಿತ್ತು.

"ಒಂದು ಕಮ್ಮಿ ಆತಲ್ಲ, ಅಷ್ಟೇ ಕೆಲಸ ಉಳೀತು," ಎಂದು ಸಮಾಧಾನ ಹೇಳಿ ಗುತ್ತೆಪ್ಪ ಎರಡನೆಯದಕ್ಕೆ ಕೈ ಹಾಕಿದ. ಗೋಣೆಪ್ಪ ಅವನ ಕಾಲು ಹಿಡಿದು ಕೆಳಗಿಳಿಸಿದ.

ಆ ಹೊತ್ತಿಗೆ ಹರಿಹರದ ಕಡೆ ನಡೆದು ಹೊರಟಿದ್ದ ಜಂಬಯ್ಯ ಎಂಬ ವಯಸ್ಸಾದ ಅಯ್ಯನವರು ಅಲ್ಲಿಗೆ ಬಂದರು. ಲಾರಿಯ ಕೊಪ್ಪರಿಗೆ ನೋಡಿದರು, ಪಾನಾ ತಿರುಗುವ ದಿಕ್ಕು ನೋಡಿದರು, ಹೌಹಾರಿದರು.

"ಅಯ್ಯಯ್ಯೋ! ಶುಭಕಾರ್ಯದ ಪಾತ್ರಿ ಹೊತ್ತ ಗಾಡಿಗೆ ಅಪ್ರದಕ್ಷಿಣೆ ತಿರುಗಸ್ತೀರೇನ್ರಲೇ? ಹೆಂಗೆ ಬಿಚ್ಚತೈತೆ? ಬಲಕ್ಕೆ ತಿರುಗಸ್ರಿ, ಪ್ರದಕ್ಷಿಣೆ!"

"ಅಯ್ಯನೋರ, ಬಲಕ್ಕೆ ತಿರುಗ್ಸಿದ್ರೆ ಇನ್ನೂ ಬಿಗೀತೈತ್ರೀ," ಎಂದು ಗುತ್ತೆಪ್ಪ ನಕ್ಕ.

"ಎಡಕ್ಕೆ ತಿರುಗ್ಸಿ ನೀ ಏನ್ ಕಡದು ಕಟ್ಟೆ ಹಾಕಿದ್ಯೋ?"

ಗೋಣೆಪ್ಪನಿಗೆ ಅಳು ಬರುವಂತಾಗಿತ್ತು. ಹೊತ್ತು ಹನ್ನೊಂದರ ಹತ್ತಿರ ಬಂದಿತ್ತು. ಹಾಳಾಗಿ ಹೋಗಲಿ, ಮುದುಕರ ಬಾಯಾದರೂ ಮುಚ್ಚಲಿ ಎಂದು ಪಾನಾವನ್ನು ಬಲಕ್ಕೆ ಒತ್ತಿದ. ನಟ್ಟು ಕಿರ್ರೆಂದು, ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿ, ಬಿಚ್ಚಿ ಕೈಗೆ ಬಂತು. ಐದೂ ಬಂದವು.

ಯಲ್ಲಕ್ಕ ಕೈ ಮುಗಿದಳು. ನೆರೆದವರೆಲ್ಲ ಜಂಬಯ್ಯನವರ ಕಾಲಿಗೆ ಬಿದ್ದರು. ನಿಶ್ಚಿತಾರ್ಥದ ಕಾಯಲ್ಲೇ ಎರಡನ್ನು ತೆಗೆದು ಗಾಲಿಗೆ ಒಡೆದರು. "ಅರ್ಧ ನಾನೇ ಸಡ್ಲ ಮಾಡಿದ್ದೆ," ಎಂದ ಗುತ್ತೆಪ್ಪನ ಮಾತು ಮಂಗಳಾರತಿಯಲ್ಲಿ ಯಾರಿಗೂ ಕೇಳಲಿಲ್ಲ.

ಸ್ಟೆಪ್ನಿ ಹಾಕಿ ಬಿಗಿಯುವಾಗ ಗೋಣೆಪ್ಪನಿಗೆ ಜ್ಞಾನೋದಯವಾಯಿತು. ಬಿಚ್ಚಲು ಪ್ರದಕ್ಷಿಣೆ, ಬಿಗಿಯಲು ಅಪ್ರದಕ್ಷಿಣೆ. ಎಷ್ಟು ಸಲೀಸು! ಜಂಬಯ್ಯನವರು ಆಗಲೇ ಡ್ರೈವರ್ ಪಕ್ಕದ ಸೀಟಿನಲ್ಲಿ ಪ್ರತಿಷ್ಠಾಪನೆಯಾಗಿದ್ದರು. ಅಲ್ಲಿಂದಲೇ ಕೂಗಿದರು:

"ತಮ್ಮಾ, ಆ ಬಲಗಾಲೀನೂ ಒಂದೀಟು ಬಿಗಿ ಮಾಡಪ್ಪ. ಶುಭಕಾರ್ಯ ಐತೆ."

ಗೋಣೆಪ್ಪ ಬಲಗಾಲಿಯ ಆರೂ ನಟ್ಟನ್ನು ಎಡಕ್ಕೆ ಒಂದೊಂದು ಸುತ್ತು ತಿರುಗಿಸಿದ. ಸುಲಭವಾಗಿ ತಿರುಗಿದವು.

"ಎಷ್ಟು ಸಡ್ಲಿದ್ವು ನೋಡ್ರಿ ಅಯ್ಯನೋರ! ನೀವು ಹೇಳಿದ್ದಕ್ಕೆ ಬದುಕಿದ್ವಿ," ಎಂದು ಕೈ ಮುಗಿದು ಲಾರಿ ಹತ್ತಿದ.

ಹನ್ನೆರಡಕ್ಕೆ ಐದು ನಿಮಿಷವಿದೆ ಎನ್ನುವಾಗ ಹರಿಹರದ ಮನೆಗಳು ಕಂಡವು. ಗೋಣೆಪ್ಪ ಸಿಳ್ಳೆ ಹಾಕಿದ. ಕಾಯಂ ಆದಂತೆಯೇ! ಅಷ್ಟರಲ್ಲಿ ಬಲಗಡೆಯಿಂದ ಗಾಲಿಯೊಂದು ಲಾರಿಯನ್ನು ಹಿಂದೆ ಹಾಕಿ ಮುಂದೆ ಉರುಳಿಕೊಂಡು ಹೋಯಿತು.

"ಯಾರದೋ ಗಾಲಿ ಹೊಂಟೈತಲ್ಲಪ್ಪಾ," ಎಂದರು ಜಂಬಯ್ಯ.

ಯಾರದೆಂದು ಮರುಕ್ಷಣವೇ ತಿಳಿಯಿತು. ಲಾರಿ ಬಲಕ್ಕೆ ವಾಲಿ, ನೆಲ ಕೆರೆದು, ಕೊಪ್ಪರಿಗೆಗಳೆಲ್ಲ ಒಟ್ಟಿಗೆ ಗಂಟೆ ಬಾರಿಸಿ ನಿಂತಿತು.

ಊರ ಬಾಗಿಲಲ್ಲಿ ಉಜ್ಜನಪ್ಪನವರು ಲಾರಿಯ ದಾರಿ ಕಾಯುತ್ತಿದ್ದರು. ಬರದಿದ್ದರೆ ಹುಡುಕಿಕೊಂಡು ಹೋಗೋಣವೆಂದು ಬೀಗರ ಎತ್ತಿನ ಗಾಡಿಯನ್ನೂ ಫಿಟ್ಟರ್ ಜಮಾಲ್ ಸಾಬರನ್ನೂ ಜೊತೆಗೆ ತಂದಿದ್ದರು. ಗಾಲಿ ಮಾತ್ರ ಹೇಳಿದ ವೇಳೆಗೆ ಸರಿಯಾಗಿ ಬಂದು ಅವರ ಮುಂದೆ ಮಲಗಿತು. ಎತ್ತುಗಳು ಬೆದರಿ ಗಾಡಿ ಸಮೇತ ಹೊಲಕ್ಕೆ ನುಗ್ಗಿದವು. ಗಾಡಿಯವನು ಹಾರಿ ಗದ್ದೆಯ ಕಡೆ ಓಡಿದ.

ಜಮಾಲ್ ಸಾಬರು ಲಾರಿಯ ಹತ್ತಿರ ಬಂದು ಬೋಲ್ಟು ನೋಡಿ, ನಡೆದದ್ದು ಕೇಳಿ, ತಲೆ ಚಚ್ಚಿಕೊಂಡರು. "ಯಾ ಅಲ್ಲಾ! ಈ ಜಾತಿ ಲಾರೀಗೆ ಎಡಗಡೆ ಗಾಲಿ ನಟ್ಟಿನ ಮರೆ ಉಲ್ಟಾ, ಬಲಕ್ಕೆ ಬಿಚ್ಚೋದು. ಬಲಗಡೆದು ಸೀದಾ, ಎಡಕ್ಕೆ ಬಿಚ್ಚೋದು. ಓಡುವಾಗ ಬಿಚ್ಚಬಾರ್ದು ಅಂತ ಕಂಪನಿಯೋರು ಮಾಡಿರೋದು. ಹತ್ತು ವರ್ಷ ಲಾರಿ ಹೊಡದೋನಿಗೆ ಇದು ಗೊತ್ತಿಲ್ವಾ?"

ಉಜ್ಜನಪ್ಪನವರು ಗೋಣೆಪ್ಪನ ಮುಖ ನೋಡಿದರು. "ಖರೇ ಹೇಳಲೇ. ಹೊಡದೀಯೋ ಇಲ್ಲೋ?"

"ಹೊಡದೀನ್ರಿ! ಅವ್ವನಾಣೆ!" ಎಂದ ಗೋಣೆಪ್ಪ. ಆಣೆಯಲ್ಲಿ ಸುಳ್ಳಿರಲಿಲ್ಲ, ಲಾರಿ ಎಂಬ ಮಾತನ್ನು ಬಿಟ್ಟಿದ್ದ, ಅಷ್ಟೆ.

ಅಷ್ಟರಲ್ಲಿ ಬೆದರಿದ ಎತ್ತುಗಳು ಹೊಲ ಸುತ್ತಿ, ಗಾಡಿಯನ್ನು ಎಳೆದುಕೊಂಡು ಇತ್ತಲೇ ನುಗ್ಗಿ ಬಂದವು. ಎಲ್ಲರೂ ದಿಕ್ಕಾಪಾಲು. ಗೋಣೆಪ್ಪ ಮಾತ್ರ ಯೋಚನೆಯನ್ನೇ ಮಾಡದೆ ಅಡ್ಡ ನುಗ್ಗಿ, ಮೂಗುದಾರ ಹಿಡಿದು, "ಹೋ ಹೋ ಹೋ, ನನ್ನಪ್ಪಾ" ಎನ್ನುತ್ತ ಕತ್ತು ಸವರಿದ. ಎತ್ತುಗಳು ಅವನ ಅಂಗೈ ನೆಕ್ಕುತ್ತ ನಿಂತವು. ಐದೇ ನಿಮಿಷದಲ್ಲಿ ಕೊಪ್ಪರಿಗೆಗಳು ಗಾಡಿಗೇರಿದವು. ಜಂಬಯ್ಯನವರೂ ಏರಿದರು, ಗಾಡಿಯ ಗಾಲಿ ಕಳಚದಂತೆ ತಡೆಯುವ ಕಡಾಣಿಗೆ ಕೈ ಹಾಕಿದರು.

"ತಮ್ಮಾ, ಇದನ್ನೂ ಒಂದೀಟು ಪ್ರದಕ್ಷಿಣೆ ತಿರುಗ್ಸಿ..."

"ಮುಟ್ಟಬ್ಯಾಡ್ರಿ ಅಯ್ಯನೋರ!" ಗೋಣೆಪ್ಪ ಗುಡುಗಿದ. "ಲಾರಿ ಗೊತ್ತಿಲ್ಲದಿದ್ರೇನಾತು? ಎತ್ತಿನ ಗಾಡಿ ಹೊಡ್ಯಾಕ್ಹತ್ತಿ ಹತ್ತು ವರ್ಷ ಆತು!"

ಹಿಂದಿನಿಂದ ಉಜ್ಜನಪ್ಪನವರ ಕೈ ಅವನ ಹೆಗಲ ಮೇಲೆ ಬಿತ್ತು. ಇನ್ನೊಂದು ಕೈಯಲ್ಲಿ ಬಾರುಕೋಲಿತ್ತು.

"ಮದ್ಲೇ ಹೇಳಬಾರ್ದೇನಪ್ಪಾ? ತಗ," ಎಂದರು. "ಇವತ್ತಿಂದ ಕಾಯಂ."